ಮನೆಯಲ್ಲಿ ಇಮ್ಯುನಿಟಿ ಕುಗ್ಗಿದವರಿದ್ದರೆ: ಫಂಗಸ್ ವಿಷಯದಲ್ಲಿ ಏನು ನೋಡಬೇಕು, ಯಾವಾಗ ಓಡಬೇಕು

2021ರ ಜೂನ್. ನಮ್ಮ ದೊಡ್ಡಮ್ಮ ಕೊರೊನಾದಿಂದ ಹುಷಾರಾಗಿ ಮನೆಗೆ ಬಂದು ಹತ್ತು ದಿನ ಆಗಿತ್ತು. ಬಲಗಡೆ ಮೇಲಿನ ಹಲ್ಲು ನೋಯುತ್ತಿದೆ ಎಂದರು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ್ಯಂಟಿಬಯೋಟಿಕ್ ಕೊಟ್ಟರು, ಐದು ದಿನ ನುಂಗಿದರು. ಆರನೇ ದಿನ ಬೆಳಿಗ್ಗೆ ಮುಖ ತೊಳೆದುಕೊಂಡು ಬಂದವರು, "ಈ ಕಡೆ ಕೆನ್ನೆ ನಂದೇ ಅಲ್ಲ ಅನ್ಸುತ್ತೆ ಕಣೋ, ನೀರು ಬಿದ್ದಿದ್ದೇ ಗೊತ್ತಾಗ್ಲಿಲ್ಲ" ಎಂದರು. ನಾನು ನಿಶ್ಶಕ್ತಿ ಇರಬೇಕು ಬಿಡಿ ಎಂದೆ. ಮಾರನೇ ದಿನ ಮೂಗಿನಿಂದ ಕಂದು ಬಣ್ಣದ ನೀರು ಬಂತು. ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿಗೆ ಕ್ಯಾಮೆರಾ ಹಾಕಿ ನೋಡಿ, ಇವತ್ತೇ ಅಡ್ಮಿಟ್ ಮಾಡಿ ಎಂದರು. ಮ್ಯುಕರ್‌ಮೈಕೋಸಿಸ್. ಆ ದಿನಗಳಲ್ಲಿ ಟೀವಿಯವರೆಲ್ಲ ಬ್ಲ್ಯಾಕ್ ಫಂಗಸ್ ಎನ್ನುತ್ತಿದ್ದ ಕಾಯಿಲೆ.

ದೊಡ್ಡಮ್ಮ ಉಳಿದರು, ಕಣ್ಣೂ ಉಳಿಯಿತು. ಬಲಗಡೆಯ ಮೇಲ್ದವಡೆ, ಅರ್ಧ ಅಂಗುಳ ಹೋಯಿತು. ಕೆನ್ನೆ ಮರಗಟ್ಟಿದೆ ಎಂದ ದಿನವೇ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತೋ, ಆ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ಆದರೆ ಆಮೇಲೆ ನಮ್ಮ ಭಾವನಿಗೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಯಿತು, ಮತ್ತೆ ಅದೇ ವಾರ್ಡುಗಳ ಸಹವಾಸ. ಈ ನಾಲ್ಕೈದು ವರ್ಷದಲ್ಲಿ ಡಾಕ್ಟರುಗಳನ್ನು ಕಾಡಿ ಬೇಡಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ರೋಗಿಯ ಪಕ್ಕದ ಸ್ಟೂಲ್ ಮೇಲೆ ಕೂತಿದ್ದವನು.

ಮೊದಲು, ನೀವು ಹೆದರಬೇಕಾ ಬೇಡವಾ

ಫಂಗಸ್ ಅಂದರೆ ಬೂಷ್ಟು. ಹಳಸಿದ ಬ್ರೆಡ್ ಮೇಲೆ, ಮಳೆಗಾಲದ ಚಪ್ಪಲಿ ಮೇಲೆ, ಸರಿಯಾಗಿ ಉಪ್ಪು ಬೀಳದ ಉಪ್ಪಿನಕಾಯಿ ಮೇಲೆ ಕಾಣುತ್ತದಲ್ಲ, ಅದರ ಅಣ್ಣತಮ್ಮಂದಿರೇ. ಇವುಗಳ ಬೀಜಕಣ ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಇದನ್ನು ಓದುತ್ತಾ ಓದುತ್ತಾ ನೀವೂ ನಾಲ್ಕು ಉಸಿರಿನೊಳಗೆ ಎಳೆದುಕೊಂಡಿರುತ್ತೀರಿ. ಆರೋಗ್ಯವಾಗಿರುವ ದೇಹ ಅವನ್ನು ಅಲ್ಲೇ ಮುಗಿಸಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ತೊಂದರೆ ಬರುವುದು ಕಾವಲು ಕುಗ್ಗಿದವರಿಗೆ. ರಕ್ತದ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಅಸ್ಥಿಮಜ್ಜೆ ಕಸಿ ಆದವರು, ಕಿಡ್ನಿ ಅಥವಾ ಲಿವರ್ ಕಸಿ ಆದವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಹಿಡಿತಕ್ಕೇ ಬರದ ಶುಗರ್ ಇರುವವರು, ಎಚ್‌ಐವಿ ಇದ್ದು ಸಿಡಿ4 (ಕಾವಲು ಕಾಯುವ ಒಂದು ಬಗೆಯ ಬಿಳಿರಕ್ತಕಣ) ಎಣಿಕೆ 200ಕ್ಕಿಂತ ಕೆಳಗೆ ಬಿದ್ದವರು, ಸಂಧಿವಾತಕ್ಕೋ ಸೋರಿಯಾಸಿಸ್‌ಗೋ ಇಮ್ಯುನಿಟಿ ತಗ್ಗಿಸುವ ಬಯಾಲಜಿಕ್ ಇಂಜೆಕ್ಷನ್ ತೆಗೆದುಕೊಳ್ಳುವವರು, ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರು. ನಿಮ್ಮ ಮನೆಯವರು ಈ ಸಾಲಿನಲ್ಲಿದ್ದರೆ ಮುಂದೆ ಓದಿ. ಸುಮ್ನೆ ವರ್ಷಕ್ಕೆ ಮೂರು ಸಲ ನೆಗಡಿ ಬರುತ್ತದೆ, ಸುಸ್ತಾಗುತ್ತದೆ ಎನ್ನುವವರು ಈ ಲೆಕ್ಕಕ್ಕೆ ಬರುವುದಿಲ್ಲ. ತೊಡೆಸಂದಿಯ ಹುಳಕಡ್ಡಿಯೂ ಫಂಗಸ್ಸೇ, ಆದರೆ ಅದು ಚರ್ಮದಲ್ಲೇ ಇರುವಂಥದ್ದು, ಪ್ರಾಣಕ್ಕೆ ಬರುವುದಿಲ್ಲ. (ಮೆಡಿಕಲ್ ಶಾಪಿನವನು ಕೊಟ್ಟ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಬೇಡಿ. ತುರಿಕೆ ನಿಲ್ಲುತ್ತದೆ, ಹುಳಕಡ್ಡಿ ಹಬ್ಬುತ್ತದೆ.)

2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿತು. ಒಟ್ಟು 19 ಹೆಸರು. ನಮಗೆ ಇಲ್ಲಿ ಬೇಕಾದವು ಐದು: ಮ್ಯುಕರ್, ಆಸ್ಪರ್ಜಿಲಸ್, ಕ್ರಿಪ್ಟೋಕಾಕಸ್, ಕ್ಯಾಂಡಿಡಾ, ನ್ಯುಮೋಸಿಸ್ಟಿಸ್. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಯಾವುದು ಎಲ್ಲಿ ಕೂರುತ್ತದೆ ಎಂದು ಗೊತ್ತಿದ್ದರೆ ಸಾಕು. ಮ್ಯುಕರ್ ಮೂಗು ಮತ್ತು ಮುಖದ ಮೂಳೆಯಲ್ಲಿ, ಆಸ್ಪರ್ಜಿಲಸ್ ಶ್ವಾಸಕೋಶದಲ್ಲಿ, ಕ್ರಿಪ್ಟೋಕಾಕಸ್ ಮೆದುಳಿನ ಪೊರೆಯಲ್ಲಿ, ಕ್ಯಾಂಡಿಡಾ ಬಾಯಲ್ಲಿ ಮತ್ತು ರಕ್ತದಲ್ಲಿ, ನ್ಯುಮೋಸಿಸ್ಟಿಸ್ ಮತ್ತೆ ಶ್ವಾಸಕೋಶದಲ್ಲಿ. ಹೆಚ್ಚಾಗಿ ಹೀಗೆ. ಜಾಗ ಬದಲಾಗುವುದೂ ಉಂಟು.

ಮನೆಯ ಬೂಷ್ಟು

ಮನೆಯನ್ನು ಆಪರೇಷನ್ ಥಿಯೇಟರ್ ಮಾಡಲು ಹೋಗಬೇಡಿ, ಆಗುವುದೂ ಇಲ್ಲ. ಆಸ್ಪರ್ಜಿಲಸ್‌ನ ಒಂದು ಕಣ 2-3 ಮೈಕ್ರಾನ್ ಅಷ್ಟೇ. ಆಸ್ಪತ್ರೆಯವರೇ ಅಸ್ಥಿಮಜ್ಜೆ ಕಸಿಯವರಿಗೆ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಹಾಕಿ, ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆ ಕಟ್ಟಿಸಬೇಕಾಗುತ್ತದೆ. ಮನೆಯಲ್ಲಿ ಮಾಡಬೇಕಾದ್ದು ಒಂದೇ: ಒಮ್ಮೆಲೇ ರಾಶಿಗಟ್ಟಲೆ ಕಣ ಏಳುವ ಕೆಲಸಗಳಿಂದ ಅವರನ್ನು ದೂರ ಇಡುವುದು.

ಮಲೆನಾಡಿನವರಿಗೆ ಈ ಕೆಲಸಗಳು ಯಾವುವು ಎಂದು ಹೇಳಿಕೊಡಬೇಕಾಗಿಲ್ಲ. ಗೊಬ್ಬರದ ಗುಂಡಿ ತೆಗೆಯುವುದು, ಕೊಟ್ಟಿಗೆಗೆ ದರಕು (ಒಣ ಎಲೆ) ಹಾಸುವುದು, ಬೂಷ್ಟು ಹಿಡಿದ ಅಡಿಕೆ ಆರಿಸುವುದು, ಹುಲ್ಲಿನ ಬಣವೆ ಬಿಚ್ಚುವುದು. ಬಯಲುಸೀಮೆಯಲ್ಲಾದರೆ ಒಕ್ಕಣೆ, ಜೋಳ ತೂರುವುದು. ನಮ್ಮ ಭಾವನಿಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಇದೇ. ಮಾತ್ರೆಗೆ ಒಗ್ಗಿಕೊಂಡರು, ತೋಟಕ್ಕೆ ಹೋಗಬೇಡಿ ಎಂದರೆ ಮುಖ ಸಣ್ಣಗಾಯಿತು. ಡಾಕ್ಟರು ಒಂದು ದಾರಿ ಹೇಳಿದರು: ಮೊದಲ ಆರು ತಿಂಗಳು ಮಣ್ಣು ಮುಟ್ಟುವುದೇ ಬೇಡ, ಆಮೇಲೆ ತೋಟ ಸುತ್ತಬಹುದು, ಗೊಬ್ಬರ ಕೆದಕುವ ಕೆಲಸ ಆಳಿಗೆ ಬಿಡಿ, ಹೋದರೆ ಎನ್95 ಮಾಸ್ಕ್, ಗ್ಲೌಸ್, ಬೂಟು. ನಿಮ್ಮವರಿಗೆ ಎಷ್ಟು ತಿಂಗಳು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಮಾಸ್ಕ್ ಹಾಕಿದ ಮಾತ್ರಕ್ಕೆ ಪೂರ್ತಿ ರಕ್ಷಣೆ ಎಂದೇನಲ್ಲ. ಧೂಳಿನಲ್ಲಿ ಮಾಸ್ಕೇ ಇಲ್ಲದಿರುವುದಕ್ಕಿಂತ ವಾಸಿ, ಅಷ್ಟೇ.

ಪೇಟೆಯವರಿಗೆ ಪಾರಿವಾಳ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿ ನೋಡಿದರೆ ಗೊತ್ತಾಗುತ್ತದೆ, ಎಸಿ ಪೆಟ್ಟಿಗೆಯ ಹಿಂದೆ ಒಂದು ಇಂಚು ದಪ್ಪ ಹಿಕ್ಕೆ ಗಟ್ಟಿಯಾಗಿ ಕೂತಿರುತ್ತದೆ. ಕ್ರಿಪ್ಟೋಕಾಕಸ್‌ಗೆ ಅದು ಒಳ್ಳೆಯ ಮನೆ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಚೆನ್ನಾಗಿ ನೀರು ಹೊಡೆದು ನೆನೆಸಿ, ಆಮೇಲೆ ಕೆರೆದು ತೆಗೆಯಿರಿ. ರೋಗಿ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ, ಬಾಗಿಲು ಹಾಕಿರಲಿ. ಮುಗಿದ ಮೇಲೆ ಬಲೆ ಕಟ್ಟಿಸಿ.

ಗೋಡೆಗೆ ಬೂಷ್ಟು ಹಿಡಿದಿದ್ದರೆ ಸುಣ್ಣ ಬಳಿದು ಮುಚ್ಚುವುದರಿಂದ ಉಪಯೋಗವಿಲ್ಲ, ನೀರು ಎಲ್ಲಿ ಸೋರುತ್ತಿದೆ ನೋಡಿ. ಮನೆ ರಿಪೇರಿ, ಗೋಡೆ ಒಡೆಯುವುದು ಇದ್ದರೆ ಅವರನ್ನು ನಾಲ್ಕು ದಿನ ಮಗಳ ಮನೆಗೆ ಕಳಿಸಿ. ಮಲಗುವ ಕೋಣೆಯಲ್ಲಿ ಹೂಕುಂಡ ಬೇಡ. ಊಟದ ವಿಷಯ ಇಷ್ಟೇ: ಬಿಸಿಯಾಗಿ ಬೇಯಿಸಿದ್ದು, ಆಗಷ್ಟೇ ಮಾಡಿದ್ದು, ಬೂಷ್ಟಿನ ಜಾಗ ಕತ್ತರಿಸಿ ಉಳಿದದ್ದು ತಿನ್ನುವ ಉಳಿತಾಯ ಬೇಡ. ಇನ್ನೊಂದು ಸಣ್ಣ ವಿಷಯ, ತುಂಬಾ ಜನಕ್ಕೆ ಗೊತ್ತಿಲ್ಲ. ಭೇದಿಗೆ ಕೊಡುವ ಕೆಲವು ಪ್ರೋಬಯೋಟಿಕ್ ಪುಡಿಯಲ್ಲಿರುವುದು ಜೀವಂತ ಯೀಸ್ಟ್. ಅದೂ ಫಂಗಸ್ಸೇ. ಕತ್ತಿನಲ್ಲೋ ಎದೆಯಲ್ಲೋ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಇರುವವರಲ್ಲಿ ಅದು ರಕ್ತಕ್ಕೆ ಸೇರಿದ ಕೇಸುಗಳಿವೆ. ಆ ಪೊಟ್ಟಣವನ್ನು ಅವರ ಪಕ್ಕ ಒಡೆಯಲೂ ಬೇಡಿ.

ಬೂಷ್ಟಿಗಿಂತ ಶುಗರ್ ಮೇಲೆ ಕಣ್ಣಿಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು, ಯಾಕೆಂದರೆ ನಾವು ಎಡವಿದ್ದು ಇಲ್ಲೇ.

ಮ್ಯುಕರ್‌ಗೆ ಸಕ್ಕರೆ ಇಷ್ಟ, ಕಬ್ಬಿಣ ಇನ್ನೂ ಇಷ್ಟ. ಶುಗರ್ ಮಿತಿಮೀರಿ ರಕ್ತ ಹುಳಿಯಾದಾಗ, ಡಾಕ್ಟರು ಕೀಟೋಆಸಿಡೋಸಿಸ್ ಎನ್ನುತ್ತಾರೆ, ರಕ್ತದಲ್ಲಿ ಕಟ್ಟಿಹಾಕಿಟ್ಟ ಕಬ್ಬಿಣ ಬಿಡಿಯಾಗಿ ಹರಿದಾಡಲು ಶುರುಮಾಡುತ್ತದೆ. ಫಂಗಸ್‌ಗೆ ಹಬ್ಬದೂಟ. ಅದೇ ಹೊತ್ತಿಗೆ ಸ್ಟೀರಾಯ್ಡ್ ಬಿಳಿರಕ್ತಕಣಗಳ ಕೈ ಕಟ್ಟಿಹಾಕಿರುತ್ತದೆ. ಎರಡನೇ ಅಲೆಯಲ್ಲಿ ನಮ್ಮ ದೇಶದಲ್ಲಿ ಇಷ್ಟೊಂದು ಕೇಸು ಬಂದದ್ದಕ್ಕೆ ಈ ಜೋಡಿಯೇ ದೊಡ್ಡ ಕಾರಣ. ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪ್ರಾಣ ಉಳಿಸಿದ್ದು ಆಕ್ಸಿಜನ್ ಬೇಕಾದವರಲ್ಲಿ, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಇಲ್ಲಿ ಜ್ವರ ಬಂದ ಎರಡನೇ ದಿನವೇ ವಾಟ್ಸ್ಯಾಪಿನಲ್ಲಿ ಬಂದ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು ನುಂಗಿದವರಿದ್ದರು.

ಈಗ ಮಾಡಬೇಕಾದ್ದು. ಬೆಳಿಗ್ಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಶುಗರ್ ಏರುವುದು ಮಧ್ಯಾಹ್ನ ಊಟದ ಮೇಲೆ, ಸಂಜೆಯವರೆಗೂ. ರಾತ್ರಿ ಇಳಿದುಬಿಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 110, ಎಲ್ಲರಿಗೂ ಖುಷಿ. ದೊಡ್ಡಮ್ಮನ ಡೈರಿಯಲ್ಲಿ ಅಷ್ಟೂ ದಿನ ಬೆಳಗಿನ ಸಂಖ್ಯೆಯೇ ಇದೆ, ನನ್ನ ಕೈಬರಹದಲ್ಲೇ. ಅಡ್ಮಿಟ್ ಮಾಡಿದ ದಿನ ಮಧ್ಯಾಹ್ನ ನೋಡಿದರೆ 380. ಹಾಗಾಗಿ ಸ್ಟೀರಾಯ್ಡ್ ಮೇಲಿರುವವರಿಗೆ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ತಪ್ಪದೆ ನೋಡಿ, ರಾತ್ರಿ ಊಟಕ್ಕೆ ಮುಂಚೆ ಇನ್ನೊಮ್ಮೆ. ಹಿಂದೆ ಶುಗರ್ ಇರಲೇ ಇಲ್ಲ ಎನ್ನುವವರಿಗೂ ನೋಡಿ. ಸಂಖ್ಯೆ ಜಾಸ್ತಿ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ, ಇನ್ಸುಲಿನ್ ಹೆಚ್ಚಿಸಬೇಕಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಿಂದ ಹಣ್ಣಿನ ವಾಸನೆ ಸೇರಿದರೆ ಫೋನ್ ಅಲ್ಲ, ಎಮರ್ಜೆನ್ಸಿ.

ಹೆದರಿಕೊಂಡು ಸ್ಟೀರಾಯ್ಡನ್ನು ನೀವೇ ನಿಲ್ಲಿಸಲೂ ಬೇಡಿ. ಬಹಳ ದಿನ ತೆಗೆದುಕೊಂಡವರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ತಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಬರಬಹುದು. ಇನ್ನು ಮಂಡಿನೋವಿಗೆ, ಉಬ್ಬಸಕ್ಕೆ ಎರಡೇ ದಿನದಲ್ಲಿ ಆರಾಮ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆ ಇದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಅದರೊಳಗೆ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ.

ದಿನಾ ಎರಡು ನಿಮಿಷ, ಮೊಬೈಲ್ ಟಾರ್ಚ್ ಹಿಡಿದು

ಶುಗರ್ ಜಾಸ್ತಿ ಇದ್ದು ಸ್ಟೀರಾಯ್ಡ್ ಮೇಲಿರುವವರಿಗೆ, ಕೀಮೋ ನಡೆಯುತ್ತಿರುವವರಿಗೆ ಇದನ್ನು ದಿನಾ ಬೆಳಿಗ್ಗೆ ಮಾಡಿ. ಹಲ್ಲುಜ್ಜಿದ ಮೇಲೆ ಕಿಟಕಿ ಹತ್ತಿರ ಕೂರಿಸಿ. ಹಲ್ಲಿನ ಸೆಟ್ ಇದ್ದರೆ ತೆಗೆಸಿ, ಬಾಯಿ ದೊಡ್ಡದಾಗಿ ತೆರೆಸಿ, ತಲೆ ಹಿಂದಕ್ಕೆ ಮಾಡಿಸಿ ಟಾರ್ಚ್ ಬಿಟ್ಟು ಅಂಗುಳ ನೋಡಿ. ಇಡೀ ಅಂಗುಳ ಒಂದೇ ಗುಲಾಬಿ ಬಣ್ಣ ಇರಬೇಕು. ಒಂದು ಕಡೆ ಮಾತ್ರ ಬೂದಿಬಣ್ಣ, ಬಿಳಚು, ಕಪ್ಪು ಕಲೆ ಕಂಡರೆ ಅದು ಕಾಯುವ ವಿಷಯವಲ್ಲ.

ಆಮೇಲೆ ಒಂದು ಎಳೆ ಹತ್ತಿ ತೆಗೆದುಕೊಳ್ಳಿ. ಅವರು ಕಣ್ಣು ಮುಚ್ಚಿಕೊಳ್ಳಲಿ. ಎಡಕೆನ್ನೆ, ಬಲಕೆನ್ನೆ, ಮೇಲ್ತುಟಿಯ ಎರಡೂ ಬದಿ ಸವರಿ, ಎರಡೂ ಕಡೆ ಒಂದೇ ಥರ ಇದೆಯಾ ಕೇಳಿ. ಒಂದು ಕಡೆ ದಪ್ಪ ಬಟ್ಟೆ ಮೇಲೆ ಸವರಿದ ಹಾಗಿದೆ ಎಂದರೆ ಅದೇ ದೊಡ್ಡಮ್ಮ ಹೇಳಿದ "ನಂದೇ ಅಲ್ಲ" ಎನ್ನುವ ಕೆನ್ನೆ. ಮೂಗಿನ ಒಂದೊಂದೇ ಹೊಳ್ಳೆ ಮುಚ್ಚಿ ಉಸಿರೆಳೆಸಿ. ಒಂದೇ ಕಡೆ ಕಟ್ಟಿದೆಯಾ, ಕರ್ಚೀಫಿನಲ್ಲಿ ರಕ್ತ ಅಥವಾ ಕಪ್ಪು ಚೂರು ಇದೆಯಾ ನೋಡಿ. ಕಣ್ಣು ಎರಡೂ ಸಮ ತೆರೆಯುತ್ತವಾ, ನಿಮ್ಮ ಬೆರಳು ಒಂದೇ ಕಾಣುತ್ತದಾ ಎರಡಾ ಕೇಳಿ. ಮೇಲಿನ ಹಲ್ಲು ಯಾವುದಾದರೂ ಇದ್ದಕ್ಕಿದ್ದಂತೆ ಅಲ್ಲಾಡುತ್ತಿದೆಯಾ?

ಸೈನಸ್ಸಿನ ನೋವು ಎರಡೂ ಕಡೆ ಬರುವುದು ಸಾಮಾನ್ಯ. ಈ ಕಾಯಿಲೆ ಹೆಚ್ಚಾಗಿ ಒಂದು ಕಡೆ ಹಿಡಿಯುತ್ತದೆ. "ಒಂದೇ ಕಡೆ" ಎಂಬ ಮಾತು ಬಂದ ಕೂಡಲೇ ಕಿವಿ ನಿಮಿರಲಿ. ಇನ್ನೊಂದು, ಕಪ್ಪು ಬಣ್ಣಕ್ಕಾಗಿ ಕಾಯಬೇಡಿ. ಬ್ಲ್ಯಾಕ್ ಫಂಗಸ್ ಎಂಬ ಹೆಸರು ನನಗೆ ಸಿಟ್ಟು ಬರಿಸುತ್ತದೆ, ಆ ಫಂಗಸ್ ಕಪ್ಪಗಿರುವುದೇ ಇಲ್ಲ. ಅದು ರಕ್ತನಾಳಕ್ಕೆ ನುಗ್ಗಿ ಮುಚ್ಚುತ್ತದೆ, ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. ಕಪ್ಪು ಕಂಡಿತು ಎಂದರೆ ಆಗಲೇ ಆ ಜಾಗ ಹೋಗಿದೆ.

ಬಾಯಲ್ಲಿ ಮೊಸರಿನ ಹಾಗೆ ಬಿಳಿ ತೇಪೆ, ಒರೆಸಿದರೆ ಕೆಂಪು, ಇದು ಕ್ಯಾಂಡಿಡಾ. ಹೆದರುವಂಥದ್ದಲ್ಲ, ಬಾಯಿಗೆ ಹಚ್ಚುವ ಔಷಧಿಯಲ್ಲೇ ಹೋಗುತ್ತದೆ. ಆದರೆ ನುಂಗುವಾಗ ಎದೆಯಲ್ಲಿ ನೋವಾದರೆ ಅನ್ನನಾಳಕ್ಕೆ ಇಳಿದಿದೆ ಎಂದರ್ಥ, ತೋರಿಸಿ. ಉಬ್ಬಸದ ಪಂಪ್ ಬಳಸುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಲಿ.

ಜ್ವರ, ಕೆಮ್ಮು, ತಲೆನೋವು

ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು, ಬೆಳಗಾಗಲಿ ಎನ್ನುವ ಮಾತಿಲ್ಲ. ಮೊದಲು ಥರ್ಮಾಮೀಟರ್, ಆಮೇಲೆ ಪ್ಯಾರಾಸಿಟಮಾಲ್. ಮಾತ್ರೆ ಕೊಟ್ಟು ಜ್ವರ ಇಳಿಸಿ ಕರೆದುಕೊಂಡು ಹೋದರೆ ಅಲ್ಲಿ ಡ್ಯೂಟಿ ಡಾಕ್ಟರಿಗೆ ಜ್ವರವೇ ಕಾಣುವುದಿಲ್ಲ. ಮೊದಲು ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಕೊಡುತ್ತಾರೆ, ಅದು ಸರಿಯೇ. ನಾಲ್ಕೈದು ದಿನವಾದರೂ ಜ್ವರ ಬಿಡದಿದ್ದರೆ ಫಂಗಸ್ ಹುಡುಕಬೇಕು, ಎದೆಯ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಎಕ್ಸ್‌ರೇ ನಾರ್ಮಲ್ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಆಸ್ಪರ್ಜಿಲಸ್ ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಹೋಗಬಹುದು.

ಔಷಧಿ ಕೊಡಲು ಎದೆಯಲ್ಲಿ ಪೋರ್ಟ್ ಅಥವಾ ಕೈಯಲ್ಲಿ ಪಿಕ್ ಲೈನ್ ಎಂಬ ಕೊಳವೆ ಇರುವವರಿಗೆ, ಲೈನ್ ಫ್ಲಶ್ ಮಾಡಿದ (ಸಲೈನ್ ಬಿಟ್ಟು ತೊಳೆದ) ಅರ್ಧ-ಒಂದು ಗಂಟೆಯೊಳಗೆ ಗಡಗಡ ನಡುಕ ಬಂದರೆ ಲೈನೇ ಸೋಂಕಾಗಿರಬಹುದು. ಬ್ಯಾಕ್ಟೀರಿಯಾ ಆಗಿರಬಹುದು, ಕ್ಯಾಂಡಿಡಾ ಆಗಿರಬಹುದು, ಎರಡಕ್ಕೂ ಆಸ್ಪತ್ರೆಯೇ.

ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಕೂತಾಗ ಆರಾಮ. ಇದು ನ್ಯುಮೋಸಿಸ್ಟಿಸ್ ಇರಬಹುದು. 2021ರಲ್ಲಿ ಕೊಂಡ ಆಕ್ಸಿಮೀಟರ್ ಡ್ರಾದಲ್ಲಿ ಬಿದ್ದಿರುತ್ತದಲ್ಲ, ಸೆಲ್ ಹಾಕಿ ಹೊರತೆಗೆಯಿರಿ. ಕೂತಾಗ ಒಮ್ಮೆ, ಹಜಾರದಲ್ಲಿ ಆರು ನಿಮಿಷ ನಡೆಸಿ ಇನ್ನೊಮ್ಮೆ ನೋಡಿ. ಸಂಖ್ಯೆ ಮೂರು-ನಾಲ್ಕು ಇಳಿದರೆ ಅವತ್ತೇ ತೋರಿಸಿ. ಈ ಕಾಯಿಲೆ ಬರದಿರಲಿ ಎಂದೇ ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟಿರುತ್ತಾರೆ. "ಆ್ಯಂಟಿಬಯೋಟಿಕ್ ಎಷ್ಟು ತಿಂಗಳು ತಿನ್ನೋದು" ಎಂದು ಮನೆಯವರೇ ನಿಲ್ಲಿಸುವ ಮಾತ್ರೆ ಇದು. ನಿಲ್ಲಿಸಬೇಡಿ.

ಹಿಂದೆ ಟಿಬಿ ಬಂದು ಹೋದವರ ಕಥೆ ಬೇರೆ. ಟಿಬಿ ಶ್ವಾಸಕೋಶದಲ್ಲಿ ಬಿಟ್ಟುಹೋದ ಗುಳಿಯಲ್ಲಿ ಆಸ್ಪರ್ಜಿಲಸ್ ನಿಧಾನವಾಗಿ ಸಂಸಾರ ಹೂಡುತ್ತದೆ. ತೂಕ ಇಳಿಯುತ್ತದೆ, ಕೆಮ್ಮಿನಲ್ಲಿ ರಕ್ತ. ಕಫದಲ್ಲಿ ಟಿಬಿ ಸಿಗುವುದಿಲ್ಲ, ಆದರೂ ಮತ್ತೆ ಟಿಬಿ ಮಾತ್ರೆ ಶುರುವಾಗಿಬಿಡುತ್ತದೆ. ಕಫ ನೆಗೆಟಿವ್ ಇದ್ದೂ ಎರಡನೇ ಸಲ ಟಿಬಿ ಚಿಕಿತ್ಸೆ ಎಂದಾಗ, ಆಸ್ಪರ್ಜಿಲಸ್ ಐಜಿಜಿ ರಕ್ತಪರೀಕ್ಷೆ ಮಾಡಿಸೋಣವಾ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಎಚ್‌ಐವಿ ಇರುವವರು, ಕಸಿ ಆದವರು ವಾರಗಟ್ಟಲೆ ತಲೆನೋವು ಎಂದರೆ, ಜೊತೆಗೆ ವಾಂತಿ, ಕಣ್ಣು ಮಂಜು, ಸಂಬಂಧವಿಲ್ಲದ ಹಾಗೆ ಏನೇನೋ ಮಾತಾಡುವುದು ಇದ್ದರೆ ಕ್ರಿಪ್ಟೋಕಾಕಸ್ ನೆನಪಿರಲಿ. ಕತ್ತು ಬಿಗಿಯಲೇಬೇಕು ಎಂದಿಲ್ಲ. ರಕ್ತದಲ್ಲಿ ಕ್ರ್ಯಾಗ್ ಎಂಬ ಟೆಸ್ಟ್ ಇದೆ, ಪಟ್ಟಿಯ ಮೇಲೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಬೆನ್ನಿನಿಂದ ನೀರು ತೆಗೆಯಬೇಕು ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಸಹಿ ಹಾಕುವವರೇ ಇಲ್ಲ, ಲಕ್ವ ಹೊಡೆಯುತ್ತೆ ಎಂಬ ಭಯ. ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಈ ಕಾಯಿಲೆಯಲ್ಲಂತೂ ಆ ನೀರು ತೆಗೆಯುವುದೇ ಅರ್ಧ ಚಿಕಿತ್ಸೆ, ತಲೆಯೊಳಗಿನ ಒತ್ತಡ ಇಳಿಯುತ್ತದೆ. ಸಹಿ ಹಾಕಿ.

ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಹೇಳಬೇಕಾದ ಮಾತು

ಓಪಿಡಿಯಲ್ಲಿ ನಿಮಗೆ ಸಿಗುವುದು ಮೂರು ನಿಮಿಷ. "ಹಲ್ಲು ನೋವು" ಎಂದರೆ ಹಲ್ಲು ನೋಡುತ್ತಾರೆ. ನಮ್ಮ ಹಲ್ಲಿನ ಡಾಕ್ಟರಿಗೆ ನಾನು ದೊಡ್ಡಮ್ಮನ ಸ್ಟೀರಾಯ್ಡ್ ವಿಷಯ ಹೇಳಲೇ ಇಲ್ಲ, ಹಲ್ಲಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ. ಮೊದಲ ವಾಕ್ಯ ಹೀಗಿರಲಿ: "ಇವರಿಗೆ ಶುಗರ್ ಇದೆ, ಮೂರು ವಾರದಿಂದ ಸ್ಟೀರಾಯ್ಡ್ ಮೇಲಿದ್ದಾರೆ, ಒಂದೇ ಕಡೆ ಕೆನ್ನೆ ಮರಗಟ್ಟಿದೆ, ಫಂಗಸ್ ಇರಬಹುದಾ ನೋಡ್ತೀರಾ ಡಾಕ್ಟ್ರೇ?" ಕಾಯಿಲೆ, ಔಷಧಿ, ಲಕ್ಷಣ, ಪ್ರಶ್ನೆ, ಈ ಕ್ರಮದಲ್ಲಿ. ಒಬ್ಬಿಬ್ಬರು ಗೂಗಲ್ ಮಾಡಿ ಬಂದಿದ್ದೀರಾ ಎಂದು ಗದರಬಹುದು. ಗದರಿಸಿಕೊಳ್ಳಿ, ಪ್ರಶ್ನೆ ಮಾತ್ರ ಕೇಳಿ.

ಮುಖದ ತೊಂದರೆಯಾದರೆ ಮೂಗಿನ ಎಂಡೋಸ್ಕೋಪಿ, ಕಾಂಟ್ರಾಸ್ಟ್ ಹಾಕಿದ ಎಂಆರ್‌ಐ, ಆಮೇಲೆ ಚೂರು ತೆಗೆದು ಬಯಾಪ್ಸಿ. ಚೂರನ್ನು ಕೆಒಎಚ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವತ್ತೇ ಅಂದಾಜು ಸಿಗುತ್ತದೆ. ಎರಡು ಡಬ್ಬಿ ಹೋಗಬೇಕು: ಒಂದು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಇನ್ನೊಂದು ಬರೀ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ. ಸಣ್ಣ ಆಸ್ಪತ್ರೆಗಳಲ್ಲಿ ಡಬ್ಬಿ ಹಿಡಿದು ಲ್ಯಾಬಿಗೆ ಓಡುವವರು ನಾವೇ ಅಲ್ವಾ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಎರಡೂ ಫಾರ್ಮಲಿನ್‌ಗೆ ಬಿದ್ದರೆ ಫಂಗಸ್ ಸತ್ತುಹೋಗುತ್ತದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಗ್ಯಾಲಕ್ಟೊಮನಾನ್, ಬೀಟಾ ಡಿ ಗ್ಲೂಕಾನ್ ಎಂಬ ರಕ್ತಪರೀಕ್ಷೆಗಳು ನೆಗೆಟಿವ್ ಬಂದರೆ ಮ್ಯುಕರ್ ಇಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ, ಅವು ಮ್ಯುಕರ್ ಹಿಡಿಯುವ ಟೆಸ್ಟ್‌ಗಳಲ್ಲ.

ಎಷ್ಟು ಬೇಗ? ರಕ್ತದ ಕ್ಯಾನ್ಸರಿನ ರೋಗಿಗಳ ಬಗ್ಗೆ 2008ರಲ್ಲಿ ಬಂದ ಒಂದು ಅಧ್ಯಯನವಿದೆ. ಮ್ಯುಕರ್ ಪತ್ತೆಯಾದ ಮೇಲೆ ಸರಿಯಾದ ಔಷಧಿ ಶುರುಮಾಡಲು 6 ದಿನ ಅಥವಾ ಹೆಚ್ಚು ತಡವಾದವರಲ್ಲಿ 12 ವಾರದೊಳಗೆ ನೂರಕ್ಕೆ 83 ಜನ ತೀರಿಕೊಂಡರು, ಬೇಗ ಶುರುಮಾಡಿದವರಲ್ಲಿ ನೂರಕ್ಕೆ 49. ಬಯಾಪ್ಸಿ ರಿಪೋರ್ಟ್ ಕೈಗೆ ಬರುವ ಮೊದಲೇ ಡಾಕ್ಟರು ಔಷಧಿ ಶುರುಮಾಡೋಣ ಎಂದರೆ ಯಾಕೆ ಎಂದು ಈಗ ಗೊತ್ತಾಗಿರಬೇಕು. ಆಪರೇಷನ್ ಎಂದರೂ ಅಷ್ಟೇ. ಸತ್ತ ಭಾಗಕ್ಕೆ ರಕ್ತ ಹೋಗುವುದಿಲ್ಲ, ರಕ್ತ ಹೋಗದ ಕಡೆ ಔಷಧಿಯೂ ಹೋಗುವುದಿಲ್ಲ. ಕೆರೆದು ತೆಗೆಯಲೇಬೇಕು, ಕೆಲವೊಮ್ಮೆ ಎರಡು ಮೂರು ಸಲ.

ಔಷಧಿಯ ವಿಷಯದಲ್ಲಿ ಮನೆಯವರ ಪಾಲು

ಮ್ಯುಕರ್‌ಗೆ ಆಂಫೊಟೆರಿಸಿನ್ ಬಿ. ಇದರಲ್ಲಿ ಎರಡು ಜಾತಿ: ಹಳೆಯ ಮಾಮೂಲಿ ಮತ್ತು ಲೈಪೊಸೋಮಲ್. ಹೆಸರು ಒಂದೇ ಥರ, ಡೋಸ್ ಬೇರೆ ಬೇರೆ, ಅದಲುಬದಲಾದರೆ ಪ್ರಾಣಾಪಾಯ. ಹೊರಗಿನಿಂದ ತಂದುಕೊಡಿ ಎಂದರೆ ಚೀಟಿಯಲ್ಲಿರುವ ಪೂರ್ತಿ ಹೆಸರನ್ನು ವಯಲ್ ಮೇಲಿನ ಹೆಸರಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಲೈಪೊಸೋಮಲ್ ಡೋಸ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ವಯಲ್‌ನಲ್ಲಿರುವುದು 50. 60 ಕಿಲೋ ಇರುವವರಿಗೆ ದಿನಕ್ಕೆ 6 ವಯಲ್. 2021ರಲ್ಲಿ ಯಾಕೆ ಅಷ್ಟು ಹಾಹಾಕಾರ ಆಯಿತು ಎಂದು ಇದರಲ್ಲೇ ಲೆಕ್ಕ ಸಿಗುತ್ತದೆ. ಖರ್ಚಿನ ವಿಷಯಕ್ಕೆ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಹುಡುಕಿ, ಯೋಜನೆಯಲ್ಲಿ ಏನು ಬರುತ್ತದೆ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ತಡ.

ಈ ಔಷಧಿ ಸಲೈನ್‌ನಲ್ಲಿ ಬೆರೆಸಿದರೆ ಗಟ್ಟಿಕಟ್ಟುತ್ತದೆ, ಅದಕ್ಕೇ ಗ್ಲೂಕೋಸ್ ಬಾಟಲಿಯಲ್ಲಿ ಹಾಕುತ್ತಾರೆ. ಶುಗರ್ ಪೇಷಂಟಿಗೆ ಗ್ಲೂಕೋಸ್ ಯಾಕೆ ಎಂದು ನಾನು ನರ್ಸಮ್ಮನ ಜೊತೆ ಜಗಳವಾಡಿದ್ದೇನೆ, ನೀವು ಆಡಬೇಡಿ. ಆಂಫೊಟೆರಿಸಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ. ಆಗಾಗ ರಕ್ತ ತೆಗೆಯುವುದು ಇದಕ್ಕೆ. ಕಾಲು ಸೆಳೆತ, ಕೈಕಾಲು ಸೋತ ಹಾಗಾದರೆ ಹೇಳಿ. ಪೊಟ್ಯಾಸಿಯಮ್ ಕಡಿಮೆ ಎಂದ ಕೂಡಲೇ ಎಳನೀರು ಕುಡಿಸಬೇಡಿ, ಕಿಡ್ನಿ ಸೋತವರಲ್ಲಿ ಅದು ಉಲ್ಟಾ ಹೊಡೆಯಬಹುದು. ಕೇಳಿ ಕೊಡಿ.

ಇಂಜೆಕ್ಷನ್ ಮುಗಿದ ಮೇಲೆ ಪೊಸಕೊನಜೋಲ್‌ನಂಥ ಮಾತ್ರೆ ತಿಂಗಳುಗಟ್ಟಲೆ. ಆಸ್ಪರ್ಜಿಲಸ್‌ಗಾದರೆ ವೊರಿಕೊನಜೋಲ್, ಅದು ಮ್ಯುಕರ್ ಮೇಲೆ ಕೆಲಸ ಮಾಡುವುದಿಲ್ಲ. ವೊರಿಕೊನಜೋಲ್ ಊಟಕ್ಕೆ ಒಂದು ಗಂಟೆ ಆಚೀಚೆ, ಖಾಲಿ ಹೊಟ್ಟೆಗೆ. ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಣ್ಣಬಣ್ಣ ಕಾಣಬಹುದು. ಪೊಸಕೊನಜೋಲ್ ಊಟದ ಜೊತೆ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೂಡ ಊಟದ ಜೊತೆ, ಅದಕ್ಕೆ ಹೊಟ್ಟೆಯ ಆಸಿಡ್ ಬೇಕು. ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಈ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದಿಲ್ಲ, ಡಾಕ್ಟರಿಗೆ ಹೇಳಿ.

ಕಸಿ ಆದವರು ಇಲ್ಲಿ ಎರಡು ಸಲ ಓದಿ. ಈ ಎಲ್ಲ "ಅಜೋಲ್" ಮಾತ್ರೆಗಳು ಟ್ಯಾಕ್ರೋಲಿಮಸ್ (ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಿ) ಮಟ್ಟವನ್ನು ರಕ್ತದಲ್ಲಿ ಎತ್ತರಿಸುತ್ತವೆ. ಫಂಗಸ್ ಮಾತ್ರೆ ಶುರುಮಾಡುವಾಗ ಟ್ಯಾಕ್ರೋಲಿಮಸ್ ಇಳಿಸಬೇಕು, ಫಂಗಸ್ ಮಾತ್ರೆ ನಿಲ್ಲಿಸುವಾಗ ಮತ್ತೆ ಏರಿಸಬೇಕು. ಎರಡನೆಯದು ಮರೆತುಹೋಗುತ್ತದೆ, ಕಸಿ ಮಾಡಿದ ಕಿಡ್ನಿಗೇ ಅಪಾಯ. ಭಾವನಿಗೆ ಪಕ್ಕದ ಮನೆಯವರು ಪ್ರೀತಿಯಿಂದ ದೇವನಹಳ್ಳಿ ಚಕ್ಕೋತ ತಂದುಕೊಟ್ಟಿದ್ದರು. ಚಕ್ಕೋತವೂ ಟ್ಯಾಕ್ರೋಲಿಮಸ್ ಮಟ್ಟವನ್ನು ಏರುಪೇರು ಮಾಡುತ್ತದೆ, ಅಕ್ಕ ಅದನ್ನು ಸದ್ದಿಲ್ಲದೆ ನಮ್ಮನೆಗೆ ದಾಟಿಸಿದಳು. ಅಮೃತಬಳ್ಳಿ ಕಷಾಯ, ಇಮ್ಯುನಿಟಿ ಬೂಸ್ಟರ್ ಲೇಹ್ಯ ಕೂಡ ಬೇಡ. ಕಸಿಯವರಿಗೆ ಇಮ್ಯುನಿಟಿಯನ್ನು ಬೇಕೆಂದೇ ತಗ್ಗಿಸಿಟ್ಟಿರುತ್ತಾರೆ, ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಕೇಸುಗಳು ಇಲ್ಲೇ ಭಾರತದಲ್ಲಿ ವರದಿಯಾಗಿವೆ, ಅಜೋಲ್ ಮಾತ್ರೆಯೂ ಲಿವರ್ ಮೇಲೇ ಭಾರ ಹಾಕುವಂಥದ್ದು.

ಮನೆಗೆ ಬಂದ ಮೇಲೆ

ಅಂಗುಳ ತೆಗೆದವರಿಗೆ ಆಬ್ಚುರೇಟರ್ ಎಂಬ ಪ್ಲೇಟ್ ಮಾಡಿಕೊಡುತ್ತಾರೆ, ಹಲ್ಲಿನ ಸೆಟ್ಟಿನ ಹಾಗೇ ಇರುತ್ತದೆ. ಅದಿಲ್ಲದೆ ನೀರು ಕುಡಿದರೆ ಮೂಗಿನಿಂದ ಬರುತ್ತದೆ, ಮಾತು ಗೊಣಗೊಣ ಎನ್ನುತ್ತದೆ. ಪ್ರತಿ ಊಟದ ನಂತರ ತೆಗೆದು ತೊಳೆಯಬೇಕು, ಗುಳಿಯಲ್ಲಿ ಉಳಿದ ಅನ್ನದಗುಳು, ಗಟ್ಟಿಯಾದ ಸಿಂಬಳ ಸಲೈನ್ ಹಾಕಿ ತೆಗೆಯಬೇಕು. ಮೊದಲ ತಿಂಗಳು ದೊಡ್ಡಮ್ಮ ಕನ್ನಡಿ ನೋಡಲು ಒಪ್ಪದೆ ನಾನೇ ಟಾರ್ಚ್ ಹಿಡಿದು ತೊಳೆಯುತ್ತಿದ್ದೆ. ಮೊದಲು ತಿನ್ನಿಸಿದ್ದು ತೆಳ್ಳಗಿನ ರಾಗಿ ಗಂಜಿ, ಆಮೇಲೆ ಮೆತ್ತಗೆ ಕಲಸಿದ ಮುದ್ದೆ. ಮುದ್ದೆ ಅಗಿಯಬೇಕಾಗಿಲ್ಲವಲ್ಲ, ಅದೊಂದು ಅನುಕೂಲ.

ಸ್ಕ್ಯಾನ್ ಮತ್ತು ಎಂಡೋಸ್ಕೋಪಿಗೆ ಕರೆದ ದಿನ ತಪ್ಪಿಸಬೇಡಿ, ನೋವಿಲ್ಲ ಎಂದರೂ. ಮಾತ್ರೆ ಎಷ್ಟು ತಿಂಗಳು ಎಂಬುದನ್ನು ಸ್ಕ್ಯಾನ್ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಕಾಯಿಲೆಯ ಹೆಸರು, ಈಗಿನ ಔಷಧಿಗಳು, ಡಾಕ್ಟರ ನಂಬರು ಬರೆದ ಒಂದು ಕಾರ್ಡು ಅವರ ಪರ್ಸಿನಲ್ಲಿರಲಿ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ಕೊಡಿ. ನಮ್ಮ ದೊಡ್ಡಮ್ಮ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡಿದ್ದಾರೆ. ಮಧ್ಯಾಹ್ನದ ಶುಗರ್ ಈಗ ತಾವೇ ನೋಡಿಕೊಂಡು, ತಾವೇ ಡೈರಿಯಲ್ಲಿ ಬರೆಯುತ್ತಾರೆ.